ಕೂಸಿನ ಮುಖದ ಸ್ಟಿಕರ್

“ನಮ್ಮ ಸ್ವಾದರಮಾವನ್ನ ಟಾಕೀಸಿನ ಕೆಲಸದಿಂದ ತಗದ ಹಾಕ್ಯಾರ ಲೇ ಧನೂ. ಯಾಕಂದಿ? ನಮ್ಮ ಭೀಮ್ಯಾನ್ನ ಸಿನೆಮಾಕ್ಕ ಒಳಗ ಬಿಟ್ಟಿದ್ದಕ್ಕ.”

ಗೀತಾಂಜಲಿ ಬಬಲೇಶ್ವರದ ಬಸ್ಸಿನಿಂದ ಇಳಿದು ಇನ್ನೂ ಪೂರ್ತಿ ನನ್ನ ಹತ್ತಿರ ಬಂದಿರಲಿಲ್ಲ, ಅಷ್ಟರಲ್ಲೇ ಮಾತು ಹೊರಗೆ ಬಿದ್ದಿತ್ತು. ನಾನು ಟಿಕೋಟಾದಿಂದ, ಅವಳು ಬಬಲೇಶ್ವರದಿಂದ ಬಂದು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ ಕೂಡುವುದು, ಅಲ್ಲಿಂದ ಕಾಲೇಜಿಗೆ ನಡೆದುಕೊಂಡು ಹೋಗುವುದು ಬಿ.ಎ. ಮೊದಲ ವರ್ಷದಿಂದ ನಡೆದುಬಂದ ಪದ್ಧತಿ. ಆ ದಾರಿಯಲ್ಲಿ ಮಾತಾಡುವವಳು ನಾನು, ನಗುವವಳು ಅವಳು. ಆ ಶನಿವಾರ ಮಾತ್ರ ಅವಳು ಮಾತಾಡಿದಳು. ನಾನು ಮೊಬೈಲನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಡೆದೆ.

ಯಾವ ಸಿನೆಮಾ ಎಂದು ಕೇಳುವ ಅಗತ್ಯವಿರಲಿಲ್ಲ. ಎರಡು ವಾರದಿಂದ ಊರಲ್ಲಿ ಇದ್ದದ್ದೇ ಒಂದು ಸಿನೆಮಾ, ‘ತೀಸರಾ ಪಾಸ್‌ಪೋರ್ಟ್’. ಹಿಂದಿಯದು. ಬೇಹುಗಾರನೊಬ್ಬ ಶತ್ರು ದೇಶದ ಪಟ್ಟಣದಲ್ಲಿ ಟೇಲರ್ ಆಗಿ ಕೂತು, ಅಲ್ಲಿನ ಸೈನ್ಯದವರ ಅಂಗಿಗೆ ಅಳತೆ ತೆಗೆಯುವ ನೆಪದಲ್ಲಿ ಅವರ ಸುದ್ದಿ ತೆಗೆಯುತ್ತಾನೆ. ಇಂಟರ್ವಲ್‌ವರೆಗೆ ಇಷ್ಟು. ಇಂಟರ್ವಲ್ ಆದಮೇಲೆ ಸಿಕ್ಕಿಬೀಳುತ್ತಾನೆ, ಆಮೇಲೆ ಬರೀ ಇಕ್ಕಳ, ಉಗುರು, ರಕ್ತ. ಅದಕ್ಕೇ ಸೆನ್ಸಾರಿನವರು ‘ಎ’ ಕೊಟ್ಟಿದ್ದರು, ಅಂದರೆ ಹದಿನೆಂಟು ತುಂಬಿದವರಿಗೆ ಮಾತ್ರ. ನಮ್ಮ ಕ್ಯಾಂಟೀನಿನಲ್ಲಿ ಇದರ ಸಲುವಾಗಿ ಎರಡು ಟೇಬಲ್ ಆಗಿದ್ದವು. ಒಂದು ಟೇಬಲ್‌ನವರ ಪ್ರಕಾರ ಇದನ್ನು ನೋಡಿ ಅಳದವನಿಗೆ ದೇಶವೇ ಬೇಕಾಗಿಲ್ಲ. ಇನ್ನೊಂದು ಟೇಬಲ್‌ನವರ ಪ್ರಕಾರ ಇದು ಸಿನೆಮಾ ಅಲ್ಲ, ಮೂರು ತಾಸಿನ ವಿಷ. ನಮ್ಮ ಕ್ಲಾಸಿನ ಸಾದಿಕ ಯಾವ ಟೇಬಲ್‌ಗೂ ಕೂಡದೆ ಚಾ ಹಿಡಿದು ನಿಂತುಕೊಂಡೇ, ಫೈಟಿಂಗ್ ಮಸ್ತ್ ಅದಾವ, ಆದ್ರ ಅದರಾಗಿನ ವಿಲನ್‌ಗಳೆಲ್ಲಾ ನಮ್ಮ ಚಾಚಾನಂಗ ಕಾಣ್ತಾರ ಅಂದಿದ್ದ. ಎಲ್ಲರೂ ನಕ್ಕರು. ಅವನೂ ನಕ್ಕ, ಸ್ವಲ್ಪ ತಡವಾಗಿ.

ಗೀತಾಂಜಲಿ ಹೇಳಿದ್ದು ಇಷ್ಟು. ಯಾವುದೋ ಪೇಜಿನವನು ಟಾಕೀಸಿನ ಗೇಟಿನ ಫೋಟೋ ಹಾಕಿದ್ದಾನೆ. ಅದರಲ್ಲಿ ಗೇಟು ಕಾಯುವ ಅವಳ ಸೋದರಮಾವ ಅಮಸಿದ್ದ, ಭೀಮ್ಯಾನ ಅಂದರೆ ಭೀಮಾಶಂಕರನ ಬೆನ್ನಿನ ಮೇಲೆ ಕೈ ಇಟ್ಟು ಒಳಗೆ ಬಿಡುತ್ತಿದ್ದಾನೆ. ಸಣ್ಣ ಹುಡುಗರನ್ನು ಈ ಸಿನೆಮಾಕ್ಕೆ ಬಿಡುತ್ತಾರೆ ಎಂದು ಯಾರೋ ಅದನ್ನೇ ಹಿಡಿದು ಮೇಲೆ ದೂರು ಕೊಟ್ಟಿದ್ದಾರೆ. ಟಾಕೀಸಿಗೆ ನೋಟೀಸು ಬಂದಿದೆ. ಮ್ಯಾನೇಜರ್ ಸುಶೀಲೇಂದ್ರ ಅವರು ಮಾವನನ್ನು ಕರೆದು, ಟಾರ್ಚು ಮತ್ತು ಖಾಕಿ ಅಂಗಿ ಒಳಗೆ ಇಟ್ಟು ಹೋಗು ಎಂದಿದ್ದಾರೆ. ಇತ್ತ ಭೀಮಾಶಂಕರ ಕಾಲೇಜಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಫೋಟೋದಲ್ಲಿ ಅವನ ಮುಖದ ಮೇಲೆ ಬಾಯಲ್ಲಿ ನಿಪ್ಪಲ್ ಇಟ್ಟುಕೊಂಡ ಕೂಸಿನ ಸ್ಟಿಕರ್ ಅಂಟಿಸಿದ್ದಾರೆ. ಆದರೆ ಅಂಗಿ ನೋಡಿ ಬಬಲೇಶ್ವರದ ಹುಡುಗರು ಗುರುತು ಹಿಡಿದಿದ್ದಾರೆ. ಈಗ ಅವನಿಗೆ ಊರಲ್ಲಿ ಕೂಸು ಎಂದೇ ಹೆಸರು.

“ಭೀಮಾಶಂಕರ ಅಂದ್ರ ನಿನ್ನ ತಮ್ಮ ಅಲ್ಲೇನು? ಪಿಯುಸಿ ಓದೋಂವ?” ಎಂದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

“ತಮ್ಮ ಎಲ್ಲೀದು ಬೇ. ಅಂವಾ ನನ್ನ ಅವಳಿ. ಇಬ್ಬರೂ ಕೂಡೇ ಹುಟ್ಟೇವಿ. ಕಾರ್ಡಿನ್ಯಾಗ ಅಷ್ಟ ತಮ್ಮ.”

ಆಮೇಲೆ ಅವಳು ನನ್ನ ಕೈಯಲ್ಲಿದ್ದ ಮೊಬೈಲನ್ನು ನೋಡಿ, ನಿನಗ ಇದೆಲ್ಲಾ ಗೊತ್ತಾಗ್ತದಲ್ಲ, ಆ ಪೇಜ್ ಯಾರದು ಅಂತ ಹುಡುಕಿಕೊಡು ಎಂದಳು. ಪೇಜಿನವನೇ ಬಂದು ಮುಂದೆ ನಿಂತು, ತಾನು ನೋಡಿದ್ದು ಸಣ್ಣ ಹುಡುಗನನ್ನಲ್ಲ ಎಂದು ಒಪ್ಪಿಕೊಂಡರೆ ಮ್ಯಾನೇಜರ್ ಮೇಲಿನವರಿಗೆ ಏನಾದರೂ ಉತ್ತರ ಕೊಡಬಹುದಂತೆ. ಮುಖ ಇಲ್ಲದವನಿಗೆ ಏನ್ ಉತ್ತರ ಕೊಡ್ಲಿ ಎಂದು ಅವರೇ ಕೇಳಿದರಂತೆ. ಪೇಜಿನ ಹೆಸರು ‘ಇಂಟರ್ವಲ್ ಚಾ’ ಎಂದಳು ಗೀತಾಂಜಲಿ.

‘ಇಂಟರ್ವಲ್ ಚಾ’ ನನ್ನದು.

ಇದು ಯಾರಿಗೂ ಗೊತ್ತಿಲ್ಲ. ಗೀತಾಂಜಲಿಗೆ ಕೂಡ ಹೇಳಿರಲಿಲ್ಲ, ಯಾಕೆಂದರೆ ಹೆಸರಿಲ್ಲದೆ ಬರೆಯುವುದರಲ್ಲಿ ಒಂದು ಮಜಾ ಇತ್ತು. ನಮ್ಮಪ್ಪನಿಗೆ ತಿಳಿದರೆ ಮೊಬೈಲ್ ಹೋಗುತ್ತಿತ್ತು ಎನ್ನುವುದು ಎರಡನೆಯ ಕಾರಣ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅರಕೇರಿ ದಾಟುವಷ್ಟರಲ್ಲಿ ಒಂದು ಸಿನೆಮಾ ವಿಮರ್ಶೆ ಹೆಬ್ಬೆರಳಲ್ಲೇ ಬರೆದು ಮುಗಿಸುತ್ತಿದ್ದೆ. ಕ್ಲಾಸಿನವರು ಅದನ್ನು ನನಗೇ ಓದಿ ತೋರಿಸುತ್ತಿದ್ದರು. ನಾನು, ಹೌದಾ, ಯಾರು ಬರೆದದ್ದು, ಛಲೋ ಬರಿತಾನ ಎನ್ನುತ್ತಿದ್ದೆ. ಬೇಹುಗಾರ ಇದ್ದದ್ದು ಆ ಸಿನೆಮಾದಲ್ಲಿ ಮಾತ್ರ ಅಲ್ಲ ನೋಡಿ.

ನಾನು ಆ ಸಿನೆಮಾ ನೋಡಿದ್ದು ಆ ಶನಿವಾರದ ಹಿಂದಿನ ಭಾನುವಾರ, ಲೈಬ್ರರಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ. ಚಂದ್ರಕಾಂತಿ ಟಾಕೀಸಿನ ಗೇಟಿನಲ್ಲಿ ಖಾಕಿ ಅಂಗಿಯ ಒಬ್ಬ ಎತ್ತರದ ಮನುಷ್ಯ ನನ್ನನ್ನು ನಿಲ್ಲಿಸಿ ಆಧಾರ್ ಕಾರ್ಡ್ ಕೇಳಿದ. ಹಿಂದೆ ಉದ್ದ ಸಾಲು. ಅವನು ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಬ್ಯಾಸರ ಮಾಡ್ಕೋಬ್ಯಾಡ ತಂಗಿ, ಮ್ಯಾನೇಜರ್ ಹೇಳ್ಯಾರ ಎಂದು ಸಮಾಧಾನವನ್ನೂ ಹೇಳಿದ. ಹಿಂದಿನಿಂದ ಯಾರೋ, ಎಲ್‌ಕೆಜಿ ಮುಗದದೇನ್ ನೋಡ್ರಿ ಎಂದರು. ಸಾಲು ಪೂರ್ತಿ ನಕ್ಕಿತು. ನನ್ನ ಕಿವಿ ಬಿಸಿಯಾದವು. ಒಳಗೆ ಹೋಗಿ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡಿದರೆ ಅದೇ ಮನುಷ್ಯ ನನಗಿಂತ ಗಿಡ್ಡನೆಯ ಒಬ್ಬ ಹುಡುಗನನ್ನು ಕಾರ್ಡೂ ಕೇಳದೆ, ಬೆನ್ನು ತಟ್ಟಿ ಒಳಗೆ ಬಿಡುತ್ತಿದ್ದ. ನಾನು ಮೊಬೈಲ್ ಎತ್ತಿದೆ, ಅಷ್ಟೇ.

ಸಿನೆಮಾ ನನಗೆ ಹಿಡಿಸಿತ್ತು. ಇದನ್ನೂ ಹೇಳಿಬಿಡುತ್ತೇನೆ. ಟೇಲರ್ ತನ್ನ ತಾಯಿಗೆಂದು ಹೊಲಿದ ಕುಪ್ಪಸವನ್ನು ಕಳಿಸಲಾಗದೆ ಬಿಚ್ಚಿ ಹಾಕುವ ಸೀನಿನಲ್ಲಿ ನಾನು ಗಳಗಳ ಅತ್ತೆ. ಬಾವುಟದ ಸೀನಿನಲ್ಲಿ ಎಲ್ಲರ ಜೊತೆ ಚಪ್ಪಾಳೆಯನ್ನೂ ಹೊಡೆದೆ. ಆದರೆ ಹೊರಗೆ ಬಂದಾಗ ಸಾದಿಕನ ಮಾತು ನೆನಪಾಯಿತು, ಚಪ್ಪಾಳೆ ಹೊಡೆದ ಕೈ ಯಾಕೋ ಜೇಬಿಗೆ ಹೋಯಿತು. ಹಾಗಿದ್ದರೆ ನಾನು ಯಾವ ಟೇಬಲ್? ಅತ್ತದ್ದನ್ನು ಬರೆದರೆ ಒಂದು ಟೇಬಲ್ ಬೈಯುತ್ತದೆ, ಕೈ ಜೇಬಿಗೆ ಹೋದದ್ದನ್ನು ಬರೆದರೆ ಇನ್ನೊಂದು. ಬಸ್ಸು ತೊರವಿ ದಾಟಿದರೂ ಒಂದು ಸಾಲೂ ಬರಲಿಲ್ಲ. ಆಗ ಈ ಫೋಟೋ ಕಣ್ಣಿಗೆ ಬಿತ್ತು. ಹುಡುಗನ ಮುಖ ತೋರಿಸಬಾರದು ಎನ್ನುವಷ್ಟು ಬುದ್ಧಿ ನನಗಿತ್ತು. ಅದಕ್ಕೆ ಕೂಸಿನ ಸ್ಟಿಕರ್ ಹುಡುಕಿ ಅಂಟಿಸಿದೆ. ಗೇಟಿನವನ ಮುಖವನ್ನು ಹಾಗೇ ಬಿಟ್ಟೆ. ಹತ್ತೊಂಬತ್ತರ ಹುಡುಗಿಯ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುವವರು ಈ ಕೂಸಿಗೆ ಮಾತ್ರ ಇಕ್ಕಳ ಮತ್ತು ಉಗುರು ತೋರಿಸಲು ಬಾಗಿಲು ತೆರೆದಿದ್ದಾರೆ ಎಂದು ಬರೆದೆ. ಬರೆದು ಒಬ್ಬಳೇ ನಕ್ಕೆ.

ನನ್ನ ಪೇಜಿನಲ್ಲಿ ಅಷ್ಟು ಜನ ಎಂದೂ ಬಂದಿರಲಿಲ್ಲ. ಸಿನೆಮಾ ಆಗದವರು, ನೋಡ್ರಿ ಈ ವಿಷ ಮಕ್ಕಳಿಗೂ ಕುಡಿಸಾಕತ್ತಾರ ಎಂದು ಹಂಚಿಕೊಂಡರು. ಸಿನೆಮಾ ಬೇಕಾದವರು, ಒಳ್ಳೇ ಸಿನೆಮಾಕ್ಕ ಕೆಟ್ಟ ಹೆಸರು ತರೋ ಈ ಗೇಟಿನವನನ್ನ ಮೊದಲ ತಗೀರಿ ಎಂದು ಹಂಚಿಕೊಂಡರು. ಎರಡು ಟೇಬಲ್‌ನವರೂ ಒಂದಾದದ್ದು ಆ ಒಂದು ಮುಖದ ಮೇಲೆ. ನಾನು ಸಿನೆಮಾದ ಬಗ್ಗೆ ಏನೂ ಹೇಳಬೇಕಾಗಿಯೇ ಬರಲಿಲ್ಲ. ಎಷ್ಟು ಹಗುರಾಗಿದ್ದೆ ಎಂದರೆ ಆ ವಾರ ಎರಡು ಬಾರಿ ಐಸ್‌ಕ್ರೀಮ್ ತಿಂದೆ.

ಕಾಲೇಜು ಮುಟ್ಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ, ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಆ ಪೋಸ್ಟನ್ನು ಡಿಲೀಟ್ ಮಾಡಿದ್ದು. ಡಿಲೀಟ್ ಮಾಡಿದರೆ ಆಗದಿದ್ದಂತೆ ಆಗುತ್ತದೆ ಎಂದುಕೊಂಡಿದ್ದೆ. ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ, ಇಂಟರ್ವಲ್ ಚಾದವನು ಟಾಕೀಸಿನವರ ಕಡೆಯಿಂದ ರೊಕ್ಕ ತಿಂದಿದ್ದಾನೆ ಎಂದು ಹತ್ತಾರು ಜನ ಹಳೆಯ ಸ್ಕ್ರೀನ್‌ಶಾಟ್ ಹಾಕಿ ಮತ್ತೆ ಹಂಚಿದರು. ಗೀತಾಂಜಲಿ ಅದನ್ನು ನನಗೆ ತೋರಿಸಿ, ನೋಡು, ಹೆದರಿ ತಗದಾನ, ಕಳ್ಳ ಎಂದಳು.

ಮೂಲ ಫೋಟೋ ಇನ್ನೂ ನನ್ನ ಗ್ಯಾಲರಿಯಲ್ಲಿತ್ತು. ಕೊನೆಯ ಬೆಂಚಿನಲ್ಲಿ ಕೂತು ಡೆಸ್ಕಿನ ಕೆಳಗೆ ಅದನ್ನು ತೆರೆದೆ. ಸ್ಟಿಕರ್ ಇಲ್ಲದ ಆ ಮುಖವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ್ದು ಅದೇ ಮೊದಲು. ಅವನಿಗೆ ಮೀಸೆ ಇತ್ತು. ಕತ್ತರಿಯಲ್ಲಿ ಒಪ್ಪಮಾಡಿದ, ಎರಡೂ ಬದಿ ಸಮ ಇದ್ದ ಮೀಸೆ. ಗೀತಾಂಜಲಿಯದೇ ಗಲ್ಲ, ಅವಳದೇ ಹುಬ್ಬು. ಅವನು ಸೀದಾ ನನ್ನ ಕಡೆ ನೋಡುತ್ತಾ ಸ್ವಲ್ಪ ನಗುತ್ತಿದ್ದ. ಸಿನೆಮಾ ನೋಡುವ ಖುಷಿ ಇರಬೇಕು ಎಂದುಕೊಂಡೆ.

ಶನಿವಾರ ಅರ್ಧ ದಿನ. ಗೀತಾಂಜಲಿ, ಮನಿಗೆ ಬಾ, ಮಾವನೂ ಅಲ್ಲೇ ಅದಾನ, ಅವನನ್ನ ಕೇಳಿ ಪೇಜ್ ಹುಡುಕು ಎಂದಳು. ಬೇಡ ಎನ್ನುವುದಕ್ಕೆ ಒಂದು ನೆಪವೂ ಬಾಯಿಗೆ ಬರಲಿಲ್ಲ. ಬಬಲೇಶ್ವರದ ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ರಾತ್ರಿಯೆಲ್ಲಾ ಅತ್ತಿದ್ದಳಂತೆ. ನಾನು ಕಿಟಕಿಯ ಹೊರಗೆ ದ್ರಾಕ್ಷಿ ಪಡಗಳನ್ನು ನೋಡುತ್ತಾ, ಕಾರ್ಡಿನಲ್ಲಿ ಅವನು ತಮ್ಮನೇ ಅಲ್ಲವಾ, ಹಾಗಿದ್ದರೆ ಕಾಗದದ ಲೆಕ್ಕದಲ್ಲಿ ನಾನು ಬರೆದದ್ದು ಸುಳ್ಳಲ್ಲ ಎಂದು ಮನಸ್ಸಿನಲ್ಲೇ ವಾದ ಮಾಡಿದೆ. ವಾದದಲ್ಲಿ ಗೆದ್ದೆ. ಗೆದ್ದ ಮೇಲೂ ಅವಳ ತಲೆ ಭಾರವಾಗಿಯೇ ಇತ್ತು.

ಅವರ ಮನೆ ಊರ ಹೊರಗೆ, ಮುಂದೆ ಕುರಿಮರಿಗಳ ಸಣ್ಣ ದಡ್ಡಿ. ಗೀತಾಂಜಲಿಯ ಅಪ್ಪ ಶಿವಲಿಂಗ ದೊಡ್ಡ ಕುರಿಗಳನ್ನು ಹೊಡೆದುಕೊಂಡು ನಿಡೋಣಿಯ ಕಡೆ ಯಾರದೋ ದ್ರಾಕ್ಷಿ ತೋಟದಲ್ಲಿ ಗೊಬ್ಬರಕ್ಕೆ ಕುರಿ ಕೂರಿಸಲು ಹೋಗಿದ್ದರು. ಅವಳ ತಾಯಿ ಬೋರವ್ವ ನನ್ನನ್ನು ಕಂಡದ್ದೇ, ನಮ್ಮ ಗೀತಾ ದಿನಾ ನಿಂದ ಸುದ್ದಿ ಹೇಳ್ತಾಳ ಎಂದು ಗದ್ದ ಹಿಡಿದು ಮಾತಾಡಿಸಿ, ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು ಇಟ್ಟಳು. ನಾನು ರೊಟ್ಟಿಯನ್ನು ಬಹಳ ಸಣ್ಣ ಸಣ್ಣ ತುಂಡು ಮಾಡಿದೆ.

ಅವಳಿಗಳ ಕಥೆ ಹೇಳಿದ್ದು ಬೋರವ್ವನೇ. ಹುಟ್ಟಿದ ವರ್ಷದಿಂದಲೂ ಗೀತಾಂಜಲಿ ನೆಗಡಿ ಕೆಮ್ಮಿನ ಕೂಸು. ಅದಕ್ಕೆ ಅವಳನ್ನು ಅಜ್ಜಿಯ ಹತ್ತಿರ ಊರಲ್ಲೇ ಬಿಟ್ಟು, ಗಟ್ಟಿಯಾಗಿದ್ದ ಭೀಮಾಶಂಕರನನ್ನು ಕುರಿಗಳ ಜೊತೆ ಕರೆದುಕೊಂಡು ತಿರುಗಿದರು. ಊರಿಂದ ಊರಿಗೆ, ಹೊಲದಿಂದ ಹೊಲಕ್ಕೆ. ಅವನನ್ನು ಸಾಲಿಗೆ ಹಚ್ಚಬೇಕು ಎಂದು ಬಂದಾಗ ಗೀತಾಂಜಲಿ ಆಗಲೇ ಮೂರನೇತ್ತಕ್ಕೆ, ಅಂದರೆ ಮೂರನೇ ಕ್ಲಾಸಿಗೆ ಕಾಲಿಟ್ಟಿದ್ದಳು. ಅಕ್ಷರ ಬಾರದವನನ್ನು ಮೂರನೇತ್ತಕ್ಕೆ ಕೂರಿಸಲು ಬರುವುದಿಲ್ಲ, ಒಂದನೇತ್ತಕ್ಕೆ ವಯಸ್ಸು ಹೆಚ್ಚಾಯಿತು. ಹೆಡ್ ಮಾಸ್ತರರು ಹುಡುಗನ ಗಿಡ್ಡ ಮೈ ನೋಡಿ, ಒಂದನೇತ್ತಕ್ಕೆ ಎಷ್ಟು ವಯಸ್ಸು ಬೇಕೋ ಅಷ್ಟೇ ಬರೆದುಕೊಂಡರು. ತಾರೀಖು, ಊರಿನ ಎಲ್ಲ ಮಕ್ಕಳಿಗೂ ಇರುವ ಜೂನ್ ಒಂದು.

“ಮಾಸ್ತರ್ ಹೊಟ್ಟಿ ತಣ್ಣಗಿರ್ಲಿ,” ಎಂದಳು ಬೋರವ್ವ, “ಹುಡುಗನ ಎರಡ ವರ್ಷ ಉಳಿಸಿ ಕೊಟ್ರು ಅಂತ ಅವತ್ತ ನಾ ಬೆಲ್ಲಾ ಹಂಚಿದ್ದೆ ಯವ್ವಾ.”

ಅವತ್ತಿನಿಂದ ಭೀಮಾಶಂಕರ ತನ್ನ ಜೊತೆ ಹುಟ್ಟಿದವಳನ್ನು ಅಕ್ಕ ಎಂದು ಕರೆಯುತ್ತಾನೆ. ಸಾಲಿಯಲ್ಲಿ ಹಾಗೆ ಕರೆ ಎಂದು ಮಾಸ್ತರರೇ ಹೇಳಿಕೊಟ್ಟಿದ್ದರಂತೆ, ಇನ್ಸ್‌ಪೆಕ್ಟರ್ ಬಂದಾಗ ಗೊತ್ತಾಗಬಾರದೆಂದು. ಆಮೇಲೆ ಅದೇ ರೂಢಿಯಾಯಿತು.

ಅಮಸಿದ್ದ ಕಟ್ಟೆಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದ. ಖಾಕಿ ಅಂಗಿ ಇಲ್ಲದೆ ಅವನು ಇನ್ನೂ ಎತ್ತರ ಕಾಣುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಿ, ತಂಗಿ ನಿನ್ನ ಎಲ್ಲ್ಯೋ ನೋಡೇನಿ ಎಂದ. ನಾನು ರೊಟ್ಟಿಯ ತಟ್ಟೆಗೆ ತಲೆ ಬಗ್ಗಿಸಿದೆ. ಗೀತಾಂಜಲಿ, ಎಲ್ಲಿ ನೋಡ್ತಿ ಮಾವಾ, ಊರ ಮಂದೀನೆಲ್ಲಾ ಗೇಟಿನ್ಯಾಗ ನೋಡಿರ್ತಿ ಎಂದು ನಕ್ಕಳು. ಅವನೂ ಹೌದೆಂದು ತಲೆ ಆಡಿಸಿ ಉಣ್ಣೆಗೆ ತಿರುಗಿದ.

ಅವನಿಗೆ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ತಪ್ಪು ತನ್ನದೇ, ಕಾರ್ಡ್ ಕೇಳು ಎಂದು ಮ್ಯಾನೇಜರ್ ಹೇಳಿದ್ದರು, ಕೇಳಲಿಲ್ಲ ಎಂದ. ಬೇರೆ ಯಾರೇ ಬಂದಿದ್ದರೂ ಕೇಳುತ್ತಿದ್ದನಂತೆ, ಎಷ್ಟೋ ದೊಡ್ಡ ಮನುಷ್ಯರ ಹತ್ತಿರವೂ ಕೇಳಿ ಬೈಸಿಕೊಂಡಿದ್ದಾನೆ.

“ಕುರಿಮರಿ ಹೊರೂ ಬುಟ್ಟಿಯೊಳಗ ಇವರಿಬ್ಬರನ್ನೂ ಕುಂದರಿಸಿಕೊಂಡ ಹೊಳೀ ದಂಡಿತನಕ ಹೊತ್ತಾಂವ ನಾ,” ಎಂದ. “ಅವನ ಕಡೆ ಏನ್ ಕಾರ್ಡ್ ಕೇಳ್ಲಿ ತಂಗಿ? ನಿನಗ ಹದಿನೆಂಟ ಆಗಿ ವರ್ಷಾತು, ಬಾ ಒಳಗ ಅಂದೆ.”

ಬೋರವ್ವ, ಆ ಫೋಟೋ ತಗದವರ ಕೈ ಸೇದಿ ಹೋಗಲಿ ಎಂದಳು. ಅಮಸಿದ್ದ, ಹಂಗ ಅನಬ್ಯಾಡ ಎಂದ. ಆಮೇಲೆ ಉಣ್ಣೆಯಲ್ಲಿ ಸಿಕ್ಕಿದ್ದ ಒಂದು ಮುಳ್ಳನ್ನು ತೆಗೆದು ಪಕ್ಕಕ್ಕೆ ಇಟ್ಟು, “ಹುಡುಗನ ಮಾರಿ ಮುಚ್ಯಾರಲ್ಲ. ಅಷ್ಟ ಛಲೋ ಮಾಡ್ಯಾರ. ನನ್ನ ಮಾರಿ ಮುಚ್ಚೂದು ಮರ್ತಿರಬೇಕು,” ಎಂದ.

ನಾನು ಮರೆತಿರಲಿಲ್ಲ. ಅವನು ಅದನ್ನು ಮರೆವು ಎಂದು ತಿಳಿದು ನನ್ನನ್ನು ಮನ್ನಿಸಿಬಿಟ್ಟ. ಮೊಸರಿನ ಬಟ್ಟಲನ್ನು ಕೆಳಗಿಟ್ಟೆ.

ಭೀಮಾಶಂಕರ ಅಷ್ಟು ಹೊತ್ತೂ ಒಳಕೋಣೆಯಲ್ಲೇ ಇದ್ದ. ಗೀತಾಂಜಲಿ ಎರಡು ಸಲ ಕರೆದರೂ ಬರಲಿಲ್ಲ. ಆಮೇಲೆ ಮರಿಗಳಿಗೆ ನೀರಿಡುವ ಹೊತ್ತಿಗೆ ಬಕೆಟ್ ಹಿಡಿದು ಹೊರಗೆ ಬಂದ. ಮೀಸೆ ಬೋಳಿಸಿಬಿಟ್ಟಿದ್ದ. ಯಾಕೆ ಎಂದು ಗೀತಾಂಜಲಿ ಕೇಳಿದ್ದಕ್ಕೆ, ಕೂಸಿಗೆ ಮೀಸಿ ಇರ್ತಾವೇನ್ ಎಂದ. ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ. ಗೀತಾಂಜಲಿ ನನ್ನ ಪರಿಚಯ ಹೇಳಿ, ಇಕಿ ಪೇಜಿನಾಂವನ್ನ ಹುಡುಕಿಕೊಡ್ತಾಳ ಎಂದಳು. ಅವನು ಬಕೆಟ್ ಕೆಳಗಿಟ್ಟು, ಹುಡುಕ್ಲಿ ಎಂದ.

ಹೊತ್ತು ಇಳಿಯುವ ಮೊದಲು ಟಿಕೋಟಾಕ್ಕೆ ಒಂದೇ ನೇರ ಬಸ್ಸು. ಮರಿಗಳನ್ನು ದಡ್ಡಿಗೆ ಸೇರಿಸಲು ತಾಯಿಗೆ ಗೀತಾಂಜಲಿ ಬೇಕಾದ್ದರಿಂದ ನನ್ನನ್ನು ಬಸ್ಸಿಗೆ ಬಿಡಲು ಭೀಮಾಶಂಕರನಿಗೆ ಹೇಳಿದರು. ಅವನು ತಲೆಯ ಮೇಲೆ ಟವೆಲ್ ಹಾಕಿಕೊಂಡು, ಸೈಕಲ್ ತಳ್ಳಿಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಪಾನಶಾಪಿನ ಮುಂದೆ ಕೂತ ಹುಡುಗರಲ್ಲೊಬ್ಬ, ಏ ಕೂಸ, ಹಾಲ ಕುಡದೇನಪಾ ಎಂದ. ಇನ್ನೊಬ್ಬ ತುಟಿಯಲ್ಲಿ ಚಪ್ಪರಿಸುವ ಸದ್ದು ಮಾಡಿದ. ಭೀಮಾಶಂಕರ ತಲೆ ಎತ್ತಲಿಲ್ಲ. ಅವರೆಲ್ಲ ಅವನಿಗಿಂತ ಸಣ್ಣವರು, ಅವನ ಕ್ಲಾಸಿನವರು. ಚಪ್ಪರಿಸಿದ ಆ ಸದ್ದನ್ನು ನಾನೇ ಆ ಬಾಯಿಗೆ ಕೊಟ್ಟಿದ್ದೆ.

ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ, ರಸ್ತೆಯ ಕಡೆ ನೋಡುತ್ತಾ ಅವನು ಮೊದಲ ಬಾರಿ ಮಾತಾಡಿದ.

“ಆ ಫೋಟೋದಾಗ ನಾ ನಗಾಕತ್ತೇನಿ. ಸ್ಟಿಕರ್ ಹಚ್ಚೂಕಿಂತ ಮೊದಲ ನೋಡಿದ್ದೇನ?”

ಅವನು ಕೇಳಿದ್ದು ನನ್ನನ್ನೇ, ಸುತ್ತ ಬೇರೆ ಯಾರೂ ಇರಲಿಲ್ಲ.

“ಅಕ್ಕನ ಫೋನಿನ್ಯಾಗ ನಿನ್ನ ಮಾರಿ ದಿನಾ ನೋಡ್ತೇನಿ. ಮೆಟ್ಟಲ ಮ್ಯಾಲ ನೀ ಕಂಡಿ. ಅಕ್ಕನ ಗೆಳತಿ ಅಂತ ನಕ್ಕೆ. ನೀ ಫೋನ್ ಎತ್ತಿದಿ. ನನ್ನ ಗುರ್ತ ಹಿಡದ್ಲು, ಅಕ್ಕಗ ತೋರಸಾಕ ಫೋಟೋ ತಗದ್ಲು ಅಂತ ತಿಳಕೊಂಡೆ.”

ಆ ನಗು ಸಿನೆಮಾದ್ದಾಗಿರಲಿಲ್ಲ. ನನಗೆ ಎಂದು ನಕ್ಕ ನಗುವಿನ ಮೇಲೆ ನಾನು ನಿಪ್ಪಲ್ ಅಂಟಿಸಿದ್ದೆ. ನಾಚಿಕೆಯಿಲ್ಲದ ನನ್ನ ಬಾಯಿ ಬಸ್ಸಿನಲ್ಲಿ ಗೆದ್ದ ಅದೇ ವಾದವನ್ನು ಹೊರಗೆ ಹಾಕಿತು. ಕಾರ್ಡಿನ್ಯಾಗ ನಿನಗ ಹದಿನೇಳೇ ಅದಲ್ಲ ಎಂದೆ. ಹೇಳುತ್ತಲೇ ನಾಲಿಗೆ ಕಚ್ಚಿಕೊಂಡೆ.

“ಹೌದು,” ಎಂದ ಅವನು, “ಅದಕ್ಕ ನಾ ಹೋಗಿ ಎಷ್ಟ ಹೇಳಿದ್ರೂ ಮಾವನ ಕೆಲಸ ಬರಂಗಿಲ್ಲ.”

ಎಲ್ಲ ಗೊತ್ತಿದ್ದೂ ಗೀತಾಂಜಲಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಸೈಕಲ್ಲಿನ ಗಂಟೆಯ ಮುಚ್ಚಳವನ್ನು ತಿರುಗಿಸಿದ. ಹೇಳಿದರೆ ಅಕ್ಕ ನಿನ್ನನ್ನು ಬಿಡುತ್ತಾಳೆ, ಆ ಕಾಲೇಜಿನಲ್ಲಿ ಅವಳಿಗೆ ಮಾತಾಡಲು ನೀನೊಬ್ಬಳೇ ಎಂದ. ಆಮೇಲೆ, “ಆಕಿ ಪೇಜ್ ಹುಡುಕಿಕೊಡು ಅಂತ ನಿನಗ ಕೇಳ್ತೇನಿ ಅಂದ್ಲು. ಕೇಳ್ಲಿ, ಹುಡುಕ್ತಾಳೇನ್ ನೋಡೂಣು ಅಂತ ಕಾದೆ,” ಎಂದ.

ನಾನು ಅತ್ತೆ. ಅವನು ನೋಡದವನಂತೆ ರಸ್ತೆಯ ಆ ಕಡೆ ತಿರುಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ, ನನ್ನನ್ನು ಸುಮ್ಮನಾಗಿಸಲೋ ಏನೋ, ಬರುವ ಶುಕ್ರವಾರದಿಂದ ಅದೇ ಸಿನೆಮಾ ಕತ್ತರಿಸಿ ಬರುತ್ತದಂತೆ ಎಂದು ಹೇಳಿದ. ಉಗುರಿನ ಸೀನ್ ತೆಗೆದಿದ್ದಾರೆ, ಈಗ ಹದಿನಾರು ತುಂಬಿದ್ದರೆ ಸಾಕು. ಕಾರ್ಡಿನ ಭೀಮಾಶಂಕರ ಎದೆ ಸೆಟೆಸಿಕೊಂಡು ಒಳಗೆ ಹೋಗಬಹುದು, ಯಾರೂ ಕೇಳುವುದಿಲ್ಲ. ಬಾಗಿಲಲ್ಲಿ ಮಾವ ಮಾತ್ರ ಇರುವುದಿಲ್ಲ.

“ಮತ್ತ ನೋಡ್ತೀಯೇನು?” ಎಂದೆ, ಮೂಗು ಒರೆಸಿಕೊಳ್ಳುತ್ತಾ.

“ಒಮ್ಮೆ ನೋಡೇನಲ್ಲ. ಉಗುರಿನ ಸೀನಿನ್ಯಾಗ ಕಣ್ಣ ಮುಚ್ಚಿದ್ದೆ.”

ನಾನೂ ಮುಚ್ಚಿದ್ದೆ. ಅದನ್ನು ಹೇಳಿದಾಗ ಅವನ ತುಟಿಯ ಒಂದು ಬದಿ ಸ್ವಲ್ಪ ಮೇಲೆ ಹೋಯಿತು. ಆ ಸಿನೆಮಾದ ಬಗ್ಗೆ ಪೇಜಿನಲ್ಲಿ ನಾನು ಬರೆಯದೆ ಬಿಟ್ಟ ನಿಜವಾದ ಮಾತು ಅದು.

ದೂರದಲ್ಲಿ ಬಸ್ಸು ಕಂಡಿತು. ಸುಶೀಲೇಂದ್ರ ಮ್ಯಾನೇಜರ್ ಭಾನುವಾರ ಟಾಕೀಸಿನಲ್ಲಿ ಇರುತ್ತಾರೇನು ಎಂದು ಕೇಳಿದೆ. ಮಾರ್ನಿಂಗ್ ಶೋಗೆ ಮೊದಲು ಅವರೇ ಬಂದು ಬೀಗ ತೆಗೆಯುತ್ತಾರೆ ಎಂದ. ನಾನು ಬಂದು ಹೇಳಿದರೆ ಅವರು ಕೆಲಸ ಕೊಡುತ್ತಾರೆಯೇ ಎಂದು ಕೇಳಲು ಹೊರಟಿದ್ದೆ, ಕೇಳಲಿಲ್ಲ. ಕೊಡದಿದ್ದರೆ ಹೇಳುವುದು ಬೇಡವೇ? ಅವನೂ ಕೊಡುತ್ತಾರೆ ಎನ್ನಲಿಲ್ಲ. ಮಾವನನ್ನು ತಾನು ಕರೆತರುತ್ತೇನೆ, ಅಕ್ಕನಿಗೆ ಹೇಳುವುದು ಮಾತ್ರ ನಿನ್ನ ಕೆಲಸ, ತಾನು ಹೇಳುವುದಿಲ್ಲ ಎಂದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಭ್ಯಾಸದಂತೆ ಹೆಬ್ಬೆರಳು ಪೇಜಿಗೆ ಹೋಯಿತು. ಕ್ಷಮೆ ಎಂದು ಬರೆದೆ, ಅಳಿಸಿದೆ. ಉದ್ದವಾಗಿ ಬರೆದೆ, ಅದನ್ನೂ ಅಳಿಸಿದೆ. ಅಲ್ಲಿ ಏನು ಬರೆದರೂ ಅದು ಮುಖವಿಲ್ಲದವನ ಮಾತೇ ಆಗುತ್ತಿತ್ತು. ಪೇಜಿನಲ್ಲಿ ಚಾ ಕಪ್ಪಿನ ಚಿತ್ರ ಇದ್ದ ಜಾಗಕ್ಕೆ ನನ್ನ ಕಾಲೇಜಿನ ಫೋಟೋ ಹಾಕಿದೆ, ಕೆಳಗೆ ಹೆಸರು ಧನಶ್ರೀ, ಟಿಕೋಟಾ ಎಂದು ಬರೆದೆ. ಆಮೇಲೆ, ಯಾರಾದರೂ ತೋರಿಸುವ ಮೊದಲೇ ಎಂದು ಗೀತಾಂಜಲಿಗೆ ಫೋನ್ ಹಚ್ಚಿದೆ.

ಪೇಜಿನವರು ಸಿಕ್ಕಿದ್ದಾರೆ ಎಂದೆ. ಆ ಕಡೆ ಕುರಿಮರಿಗಳ ಸದ್ದು. ಯಾರಂತ, ನಮ್ಮ ಕಾಲೇಜಿನವರೇನು ಎಂದು ಅವಳು ಕೇಳಿದಳು.

“ನಾನ ಲೇ, ಗೀತಾ,” ಎಂದೆ. “ಆ ಪೇಜ್ ನಂದು. ಫೋಟೋ ತಗದಾಕಿ ನಾನ.”

ಅವಳು ಫೋನ್ ಇಟ್ಟಳೇ ಎಂದು ಸ್ಕ್ರೀನ್ ನೋಡಿದೆ, ಇಟ್ಟಿರಲಿಲ್ಲ. ಹಿಂದೆ ಬೋರವ್ವ, ಯಾರ ಫೋನು, ಆ ಹುಡುಗಿ ಮನಿ ಮುಟ್ಟಿದ್ಲೇನ್ ಕೇಳು ಎನ್ನುತ್ತಿದ್ದಳು. ನಾಳೆ ಮ್ಯಾನೇಜರ್ ಮುಂದೆ ಬಂದು ನಿಲ್ಲುತ್ತೇನೆ, ಭೀಮಾಶಂಕರನಿಗೆ ಗೊತ್ತು ಎಂದು ನಾನು ಹೇಳಿದೆ, ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

“ಎಷ್ಟಕ್ಕ?” ಎಂದಳು ಗೀತಾಂಜಲಿ ಕೊನೆಗೆ. ಅದು ನನ್ನ ಗೆಳತಿಯ ದನಿಯಾಗಿರಲಿಲ್ಲ.

“ಹತ್ತಕ್ಕ. ಟಾಕೀಸಿನ ಗೇಟಿಗೆ.”

“ಬರ್ತೇನಿ,” ಎಂದು ಫೋನ್ ಇಟ್ಟಳು.